ಆ ಬಿಳಿ ಅಂಚಿಗೆ ಕತ್ತರಿ ಹಾಕಬೇಡಿ
"ಸುತ್ತ ಇರೋ ಬಿಳಿ ಜಾಗ ಸುಮ್ನೆ ವೇಸ್ಟ್ ಅಲ್ವಾ? ಕತ್ತರಿಸಿಬಿಡಿ, ಫ್ರೇಮಿನ ಖರ್ಚೂ ಕಮ್ಮಿಯಾಗುತ್ತೆ."

ಹಳೆಯ ಪ್ರಿಂಟ್ ಹಿಡಿದು ನನ್ನ ಅಂಗಡಿಗೆ ಬರುವವರು ಮೊದಲು ಹೇಳುವ ಮಾತೇ ಇದು. ಮೊನ್ನೆ ನಿವೃತ್ತ ಮೇಷ್ಟ್ರೊಬ್ಬರೂ ಹೇಳಿದರು. ಅಮೆರಿಕದಲ್ಲಿರುವ ಮಗ ತಂದುಕೊಟ್ಟಿದ್ದಂತೆ. ಅಲ್ಲಿನ ಚಿತ್ರಕಾರ ಎಡ್ವರ್ಡ್ ಹಾಪರ್ 1921ರಲ್ಲಿ ಮಾಡಿದ 'ನೈಟ್ ಷ್ಯಾಡೋಸ್' ಎಂಬ ಎಚಿಂಗ್. ಮಹಡಿಯಿಂದ ಬಗ್ಗಿ ನೋಡಿದ ಹಾಗೆ ಒಂದು ರಸ್ತೆ ಮೂಲೆ. ಟೋಪಿ ಹಾಕಿದ ಒಬ್ಬನೇ ಮನುಷ್ಯ ನಡೆಯುತ್ತಿದ್ದಾನೆ. ಅವನ ದಾರಿಗೆ ಅಡ್ಡವಾಗಿ ಕಂಬದ ಉದ್ದ ನೆರಳು. "ಸೆಕೆಂಡ್ ಷೋ ಮುಗಿಸಿ ಮನೆಗೆ ಹೊರಟವನ ಹಾಗಿದ್ದಾನೆ" ಅಂದರು ಮೇಷ್ಟ್ರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ.

ಆದರೂ ಅಂಚಿನ ವಿಷಯಕ್ಕೆ ಬಂದರೆ ನಾನು ಬಿಡುವುದಿಲ್ಲ. ಎಚಿಂಗ್‌ನಲ್ಲಿ ಲೋಹದ ತಗಡಿನ ಮೇಲೆ ಆಸಿಡ್ ಕೊರೆದ ಗೆರೆಗಳಲ್ಲಿ ಶಾಯಿ ತುಂಬುತ್ತಾರೆ. ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿನಲ್ಲಿ ಜೋರಾಗಿ ಒತ್ತುತ್ತಾರೆ. ಆಗ ತಗಡಿನ ಅಂಚು ಕಾಗದದಲ್ಲಿ ತಗ್ಗು ಮೂಡಿಸುತ್ತದೆ. ಅದು ಚಿತ್ರದಾಚೆಗೆ, ನೀವು ವೇಸ್ಟ್ ಅನ್ನುವ ಜಾಗದಲ್ಲೇ ಇರುತ್ತದೆ. ಪೆನ್ಸಿಲ್ ಸಹಿ ಇದ್ದರೆ ಅದೂ ಸಾಮಾನ್ಯವಾಗಿ ಅಲ್ಲೇ, ಚಿತ್ರದ ಕೆಳಗೆ.

ಇನ್ನೊಂದು ಮಾತು. ಈ ಚಿತ್ರದಲ್ಲಿ ಬೆಳಕು ಅಂತ ಬೇರೆ ಏನೂ ಬಳಿದಿಲ್ಲ. ಗೆರೆ ಎಳೆಯದೆ ಬಿಟ್ಟ ಕಾಗದವೇ ಬೀದಿ ದೀಪದ ಬೆಳಕು. ಹಾಪರ್ ತೀರಾ ಬಿಳಿ ಕಾಗದ, ತೀರಾ ಕಪ್ಪು ಶಾಯಿ ಹುಡುಕುತ್ತಿದ್ದವನು. ಆ ಬಿಳುಪು ಈಗ ಎಷ್ಟು ಮಾಸಿದೆ ಎಂದು ತಿಳಿಯಲು ನನಗೆ ಆ ಅಂಚೇ ಬೇಕು.

ತಗ್ಗು ಇದ್ದ ಮಾತ್ರಕ್ಕೆ ಅಸಲಿ ಎಂದು ನಾನು ಬರೆದುಕೊಡುವುದಿಲ್ಲ. ನಕಲಿಗೂ ಹಾಗೆ ಒತ್ತುವವರಿದ್ದಾರೆ. ಭೂತಗನ್ನಡಿಯಲ್ಲಿ ಸಾಲುಸಾಲು ಚುಕ್ಕೆ ಕಂಡರೆ ಅದು ಮಾಮೂಲಿ ಪೋಸ್ಟರ್. ಅಸಲಿ ಸಿಗುವುದೇ ಇಲ್ಲ ಎಂದೂ ಅಲ್ಲ. 1924ರಲ್ಲಿ 'ದಿ ನ್ಯೂ ರಿಪಬ್ಲಿಕ್' ಪತ್ರಿಕೆ ಆರು ಎಚಿಂಗ್‌ಗಳ ಕಟ್ಟೊಂದನ್ನು ಹೊರತಂದಾಗ ಅದರಲ್ಲಿ ಇದೂ ಇತ್ತು.

ಮೇಷ್ಟ್ರ ಕಾಗದದಲ್ಲಿ ಚುಕ್ಕೆ ಕಾಣಲಿಲ್ಲ, ಬೆರಳಿಗೆ ತಗ್ಗು ಸಿಕ್ಕಿತು. "ಬಲ್ಲವರಿಗೆ ತೋರಿಸಿ, ಅಲ್ಲೀವರೆಗೆ ಬಿಸಿಲು ಬೀಳುವ ಗೋಡೆ ಬೇಡ" ಎಂದೆ. ಅಂಚು ಉಳಿಸಿ ಸುತ್ತ ಮೌಂಟ್ (ದಪ್ಪ ಕಾಗದದ ಚೌಕಟ್ಟು) ಹಾಕಿದ್ದಕ್ಕೆ ಫ್ರೇಮ್ ದೊಡ್ಡದಾಯಿತು. ಜಾಗ ಸಾಲದೆ ಗೋಡೆ ಗಡಿಯಾರವನ್ನು ಅಡುಗೆಮನೆಗೆ ಸಾಗಿಸಿದರಂತೆ.