ಗಾಳಿ ತುಂಬಿದ ನೂಲು ಒಗೆದರೆ ಹುಡಿಯಾಗುವುದಿಲ್ಲವೇ?

ಪ್ರಶ್ನೆ: ಮಲ್ಪೆಯಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್‌ನಲ್ಲಿ ನನ್ನ ಕೆಲಸ. ಒಳಗೆ ಮೈನಸ್ 18 ಡಿಗ್ರಿ. ಎರಡು ಸ್ವೆಟರ್, ಮೇಲೊಂದು ಜಾಕೆಟ್ ಹಾಕಿದರೆ ಕೈ ಎತ್ತಲಿಕ್ಕೇ ಕಷ್ಟ. ಏರೋಜೆಲ್ ನೂಲಿನ ತೆಳು ಬಟ್ಟೆಯ ಬಗ್ಗೆ ಕೇಳಿದೆ. ಅದರಲ್ಲಿ ಇರುವುದೇ ಗಾಳಿಯಂತೆ. ಒಗೆದರೆ ಹುಡಿಯಾಗುವುದಿಲ್ಲವೇ?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. 1931ರಲ್ಲಿ ಅಮೆರಿಕದ ವಿಜ್ಞಾನಿ ಸ್ಯಾಮುಯೆಲ್ ಕಿಸ್ಲರ್ ಮೊದಲು ತಯಾರಿಸಿದ ಸಿಲಿಕಾ (ಮರಳಿನಲ್ಲಿರುವ ವಸ್ತು) ಏರೋಜೆಲ್ ಬೆರಳಲ್ಲಿ ಒತ್ತಿದರೆ ಪುಡಿಯಾಗುವಂಥದ್ದು. ಜೆಲ್ ಕುಗ್ಗದ ಹಾಗೆ ಅದರೊಳಗಿನ ದ್ರವ ತೆಗೆದು, ಅಲ್ಲಿ ಗಾಳಿ ಉಳಿಸುತ್ತಾರೆ. 90%ಕ್ಕಿಂತ ಜಾಸ್ತಿ ಭಾಗ ಗಾಳಿಯೇ.

ಸ್ವೆಟರ್ ಬೆಚ್ಚಗಿಡುವುದೂ ಗಾಳಿ ಹಿಡಿದಿಟ್ಟೇ ಅಲ್ವಾ? ಏರೋಜೆಲ್‌ನ ವಿಶೇಷ ಅದರ ತೂತುಗಳ ಅಳತೆಯಲ್ಲಿದೆ. ಗಾಳಿಯ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸುಮಾರು 70 ನ್ಯಾನೋಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೋಮೀಟರ್) ಓಡುತ್ತದೆ. ತೂತು ಅದಕ್ಕಿಂತ ಸಣ್ಣದಾದರೆ ಅಣು ಗೋಡೆಗೇ ಬಡಿದು ಹಿಂದೆ ಬರುತ್ತದೆ. ಬಿಸಿಯನ್ನು ಪಕ್ಕದ ಅಣುವಿಗೆ ದಾಟಿಸಲು ಅದಕ್ಕೆ ಸಿಗುವ ಅವಕಾಶ ತೀರಾ ಕಡಿಮೆ. ಹಾಗಾಗಿ ಒಳ್ಳೆಯ ಏರೋಜೆಲ್ ಸುಮ್ಮನೆ ನಿಂತ ಗಾಳಿಗಿಂತಲೂ ಚೆನ್ನಾಗಿ ಬಿಸಿ ತಡೆಯುತ್ತದೆ.

ಗಟ್ಟಿತನಕ್ಕೆ ದಾರಿ ತೋರಿಸಿದ್ದು ಹಿಮಕರಡಿ. ಅದರ ಕೂದಲಿನ ನಡುವೆ ತೂತುತೂತು, ಹೊರಗೆ ಗಟ್ಟಿ ಸಿಪ್ಪೆ. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದವರು ಏರೋಜೆಲ್ ನೂಲಿಗೂ ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್ ಸಿಪ್ಪೆ ತೊಡಿಸಿ, 2023ರಲ್ಲಿ ಪ್ರಕಟಿಸಿದರು. ಎಳೆದರೆ ಹಿಗ್ಗುತ್ತದೆ, ನೀರು ಒಳಗೆ ಇಳಿಯುವುದಿಲ್ಲ, ಒಗೆಯಬಹುದು. ಮೈನಸ್ 20 ಡಿಗ್ರಿಯಲ್ಲಿ ಅದರ ಸ್ವೆಟರ್, ಸುಮಾರು ಐದು ಪಟ್ಟು ದಪ್ಪದ ಹಕ್ಕಿಗರಿಯ ಜಾಕೆಟ್‌ಗೆ ಸಮನಾಗಿ ಬೆಚ್ಚಗಿಟ್ಟಿತು. ನಿಮ್ಮ ಕೋಣೆಯೂ ಹೆಚ್ಚುಕಡಿಮೆ ಅಷ್ಟೇ ತಣ್ಣಗೆ. ಹಾಗಾಗಿ ನಿಮ್ಮಂಥವರಿಗೇ ಇದು ಮೊದಲು ಸಿಗಬೇಕು ಅನ್ನುವುದು ನನ್ನ ಆಸೆ.

ಚಿಟೋಸಾನ್‌ನಿಂದಲೂ ಏರೋಜೆಲ್ ನೂಲು ತೆಗೆಯುತ್ತಾರೆ. ಚಿಟೋಸಾನ್ ಬರುವುದು ಸಿಗಡಿ, ಏಡಿಗಳ ಚಿಪ್ಪಿನಿಂದ. ಮಲ್ಪೆಯವರಿಗೆ ಇದು ಖುಷಿ ಕೊಡುವ ವಿಷಯ.

ಬೆಂಕಿಯ ಹತ್ತಿರ ಈ ಪ್ಲಾಸ್ಟಿಕ್ ಸಿಪ್ಪೆ ಕರಗುತ್ತದೆ. ಅಗ್ನಿಶಾಮಕದವರಿಗೆ ಬೇಕಾದದ್ದು ಜೋರು ಬಿಸಿ ತಡೆದುಕೊಳ್ಳುವ ಕೆವ್ಲಾರ್, ಪಾಲಿಇಮೈಡ್ ಜಾತಿಯ ಏರೋಜೆಲ್ ನೂಲು. ನಮ್ಮ ಕರಾವಳಿಯ ಸೆಕೆಗೆ ಮಾತ್ರ ಯಾವುದೂ ಬೇಡ. ಮೈಯ ಬಿಸಿ ಹೊರಗೆ ಹೋಗದೆ ಇನ್ನೂ ಜಾಸ್ತಿ ಬೆವರುತ್ತೀರಿ.

ಬೆವರಿನ ವಿಷಯದಲ್ಲಿ ಈಗಲೇ ಮಾಡಬಹುದಾದ ಒಂದು ಕೆಲಸ ಉಂಟು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಬಿಸಿ ದಾಟಿಸುತ್ತದೆ. ಹೊರಗಿನ ಸೆಕೆಯಲ್ಲಿ ಒದ್ದೆಯಾದ ಬನಿಯನ್ ಬದಲಿಸಿಯೇ ಒಳಗೆ ಹೋಗಿ.