ಸತ್ತ ನಾಯಿಗೆ ಶೌರ್ಯ ಗೌರವ ಕೊಟ್ಟರೆ ಅದಕ್ಕೇನು ಗೊತ್ತಾಗುತ್ತೆ?

ಪ್ರಶ್ನೆ: ಸೇನೆಯ ನಾಯಿಗಳಿಗೂ ಸೈನಿಕರ ಹಾಗೆ ಶೌರ್ಯ ಪದಕ ಕೊಡುತ್ತಾರಾ? ಕೊಟ್ಟರೂ ಆ ಮೂಕಪ್ರಾಣಿಗೆ ಏನು ತಿಳಿಯುತ್ತೆ?
– ಸಿಂಧನೂರಿನ ಓದುಗರೊಬ್ಬರು

ಉತ್ತರ: ವೀರಚಕ್ರ, ಶೌರ್ಯಚಕ್ರ ನಾಯಿಗಳಿಗೆ ಇಲ್ಲ. 'ಮೆನ್ಷನ್ ಇನ್ ಡಿಸ್ಪ್ಯಾಚಸ್' ಎಂಬ ಗೌರವ ಸಿಗುತ್ತದೆ. ಅಂದರೆ ಸಾಹಸ ಮಾಡಿದವರ ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರುತ್ತದೆ. 2022ರಲ್ಲಿ ಕಾಶ್ಮೀರದ ಬಾರಾಮುಲ್ಲಾದಲ್ಲಿ ಉಗ್ರರ ಗುಂಡಿಗೆ ಸತ್ತ ಸೇನೆಯ ನಾಯಿ ಆಕ್ಸೆಲ್‌ಗೆ ಇದು ಸಿಕ್ಕಿತು. 2023ರಲ್ಲಿ ರಜೌರಿಯಲ್ಲಿ ಸೈನಿಕರ ಮುಂದೆ ಹೋಗಿ ಪ್ರಾಣ ಬಿಟ್ಟ ಕೆಂಟ್‌ಗೂ ಸಿಕ್ಕಿತು. ಬ್ರಿಟನ್‌ನಲ್ಲಿ ಪ್ರಾಣಿಗಳಿಗಾಗಿಯೇ ಡಿಕಿನ್ ಪದಕ ಇದೆ. 1943ರಲ್ಲಿ ಅದನ್ನು ಮೊದಲು ಪಡೆದದ್ದು ಮೂರು ಪಾರಿವಾಳಗಳು!

ಇನ್ನು 'ಏನು ತಿಳಿಯುತ್ತೆ' ಅನ್ನೋದು. ಏನೂ ತಿಳಿಯಲ್ಲ. ಆದರೆ ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚುವಾಗ ಈ ಪ್ರಶ್ನೆ ಯಾರೂ ಕೇಳಲ್ಲ ಅಲ್ವಾ? ದುಡಿಸಿಕೊಂಡವರು ನಾವು. ಅದನ್ನು ಒಪ್ಪಿಕೊಳ್ಳಬೇಕಾದವರೂ ನಾವೇ.

ಕನ್ನಡಿಗರಿಗೆ ಇದು ಹೊಸದೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದು. ಚೋಳರ ಮೇಲೆ ಗೆದ್ದ ತಕ್ಕೋಲದ ಯುದ್ಧ ಮುಗಿದ ಮೇಲೆ ಗಂಗರ ರಾಜ ಬೂತುಗ ತನ್ನ ಬಂಟ ಮಣಲೇರನಿಗೆ ಏನು ಬೇಕು ಕೇಳು ಅಂದ. ಊರು, ಹೊನ್ನು ಬಿಟ್ಟು ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಒಂದು ಕಾಡುಹಂದಿಯ ಜೊತೆ ಕಾದಾಡಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ದತ್ತಿ ಬಿಟ್ಟ. ರಾಜರ ಗೆಲುವು, ನಾಯಿಯ ಸಾವು ಎರಡೂ ಒಂದೇ ಕಲ್ಲಿನಲ್ಲಿವೆ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನನ್ನನ್ನು ಕೇಳಿದರೆ, ಸತ್ತ ಮೇಲಿನ ಗೌರವಕ್ಕಿಂತ ಮುಪ್ಪಿನಲ್ಲಿ ಸಿಗುವ ಮೇವು, ನೆರಳು ಜಾಸ್ತಿ ಮುಖ್ಯ. ಪೆಡಾಂಗಿ ಎಂಬ ಹೇಸರಗತ್ತೆ 1971ರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕಿತು. ಮೆಷಿನ್ ಗನ್ ಮತ್ತು ಗುಂಡಿನ ಪೆಟ್ಟಿಗೆ ಹೊತ್ತುಕೊಂಡೇ ತಪ್ಪಿಸಿಕೊಂಡು ಬಂತು. ಅದಕ್ಕೆ ನೀಲಿ ಮಖಮಲ್ ಹೊದಿಕೆ ಹಾಕಿ ಸನ್ಮಾನಿಸಿದ್ದು ಬದುಕಿದ್ದಾಗಲೇ. 1998ರವರೆಗೂ ಸೇನೆಯೇ ಅದನ್ನು ಸಾಕಿತು.

ಬಳ್ಳಾರಿ, ರಾಯಚೂರು, ಕೊಪ್ಪಳದ ಪೊಲೀಸ್ ಶ್ವಾನದಳಗಳ ನಾಯಿಗಳೂ ಇದೇ ಥರ ದುಡಿಯುವಂಥವು. ಜಾತ್ರೆಯಲ್ಲೋ, ಪೆರೇಡ್‌ನಲ್ಲೋ ಕಂಡರೆ ಮುಟ್ಟಲು ಹೋಗಬೇಡಿ. ಕೈಯಲ್ಲಿರುವ ಮಿರ್ಚಿ ಬಜ್ಜಿಯನ್ನಂತೂ ಎಸೆಯಬೇಡಿ. ಅವು ತಮ್ಮನ್ನು ನೋಡಿಕೊಳ್ಳುವ ಹ್ಯಾಂಡ್ಲರ್ ಕೈಯಿಂದ ಮಾತ್ರ ತಿನ್ನಬೇಕೆಂದು ಕಲಿತಿರುತ್ತವೆ.