ಎರಡು ರೂಪಾಯಿ ಇಳಿದರೆ ಅಕ್ಕಿ ಚೀಲಕ್ಕೆ ಎಷ್ಟು?

"ಡೀಸೆಲ್ ಇಳದೈತಲ್ರಿ, ಬಾಡಿಗಿ ಯಾವಾಗ ಇಳಸ್ತೀರಿ?" ದರ ಇಳಿದ ಸುದ್ದಿ ಟಿವಿಯಲ್ಲಿ ಬಂದ ಮರುದಿನ ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳಿಂದ ಲಾರಿ ಮಾಲೀಕರಿಗೆ ಹೋಗುವ ಮೊದಲ ಫೋನು ಇದು. ಗಿರಾಕಿ ಕೈತಪ್ಪೀತೆಂದು ಮಾಲೀಕರು ಬಾಯಿಮಾತಲ್ಲೇ ಶೇ 5 ಬಿಟ್ಟುಕೊಡುತ್ತಾರೆ. ಕಾಗದ ಪೆನ್ನು ಯಾರೂ ಮುಟ್ಟುವುದಿಲ್ಲ.

ಹತ್ತು ಗಾಲಿಯ ಲಾರಿ, 18 ಟನ್ ಸೋನಾ ಮಸೂರಿ, ಬೆಂಗಳೂರಿಗೆ ಹೋಗಿ ಬರಲು 700 ಕಿ.ಮೀ. ಎಂದಿಟ್ಟುಕೊಳ್ಳಿ. ಸರಾಸರಿ 4 ಕಿ.ಮೀ. ಮೈಲೇಜಿಗೆ 175 ಲೀಟರ್; ಲೀಟರಿಗೆ 90ರಂತೆ 15,750 ರೂಪಾಯಿ. ಟೋಲು, ಡ್ರೈವರ್ ಬತ್ತಾ, ಟೈರು ಸವೆತ, ಕಂತು, ವಿಮೆ, ಬಿಎಸ್ 6 ಗಾಡಿಯಾದರೆ ಹೊಗೆ ಶುದ್ಧಿಗೆ ಹಾಕುವ ಯೂರಿಯಾ ದ್ರಾವಣ, ಎಲ್ಲ ಸೇರಿ ಟ್ರಿಪ್ಪಿನ ಖರ್ಚು 32,000. ಈ ಲೆಕ್ಕದಲ್ಲಿ ಡೀಸೆಲ್ ಪಾಲು ಹೆಚ್ಚುಕಡಿಮೆ ಅರ್ಧ. ನಿಮ್ಮ ಗಾಡಿಯ ಅಂಕಿ ಬೇರೆ ಇರಬಹುದು, ಹೊಸ ಗಾಡಿಗೆ ಕಂತಿನ ಭಾರ, ಹಳೆಯದಕ್ಕೆ ಡೀಸೆಲ್ ಭಾರ.

ಈಗ 90 ಇದ್ದದ್ದು 88 ಆಯಿತು. ಉಳಿದದ್ದು 175 ಗುಣಿಸು 2, ಅಂದರೆ 350 ರೂಪಾಯಿ. ಡೀಸೆಲ್ ಇಳಿದದ್ದು ಶೇ 2.2, ಟ್ರಿಪ್ಪಿನ ಖರ್ಚು ಇಳಿದದ್ದು ಶೇ 1.1 ಮಾತ್ರ. ಬಾಡಿಗೆ ಖರ್ಚಿನಷ್ಟೇ ಎಂದುಕೊಂಡರೂ ಅದರಲ್ಲಿ ಶೇ 5 ಬಿಟ್ಟವರು 1,600 ಕೊಟ್ಟು 350 ಪಡೆದರು. ಆ 350ನ್ನು 25 ಕೆ.ಜಿ.ಯ 720 ಚೀಲಕ್ಕೆ ಹಂಚಿದರೆ ಚೀಲಕ್ಕೆ 49 ಪೈಸೆ, ಕೆ.ಜಿ.ಗೆ 2 ಪೈಸೆ. ಡೀಸೆಲ್ ಇಳಿದರೂ ಅಕ್ಕಿ ಯಾಕೆ ಇಳಿಯಲಿಲ್ಲ ಎಂದು ಅಂಗಡಿಯಲ್ಲಿ ಜಗಳ ತೆಗೆಯುವವರು ಈ 2 ಪೈಸೆ ನೆನಪಿಡಬೇಕು. ಭತ್ತ ಕೊಯ್ಯುವ ಚೈನ್ ಮಷಿನ್ನಿನ ಕಥೆಯೂ ಇದೇ. ತಾಸಿಗೆ 10 ಲೀಟರ್ ಕುಡಿದರೆ ಉಳಿಯುವುದು 20 ರೂಪಾಯಿ. ಅದರ ಬಾಡಿಗೆಯನ್ನು ನಿಜವಾಗಿ ಏರಿಳಿಸುವುದು ಗದ್ದೆಯ ಕೆಸರು, ಸುಗ್ಗಿಗೆ ಬಂದಿಳಿದ ಮಷಿನ್ನುಗಳ ಸಂಖ್ಯೆ.

ಬಿಟ್ಟುಕೊಟ್ಟದ್ದು ಮತ್ತೆ ಕೈಗೆ ಬರುವುದಿಲ್ಲ ಎಂಬುದು ಇನ್ನೂ ದೊಡ್ಡ ನೋವು. 2024ರ ಮಾರ್ಚ್ 15ಕ್ಕೆ ಪೆಟ್ರೋಲ್, ಡೀಸೆಲ್ ಎರಡೂ 2 ರೂಪಾಯಿ ಇಳಿದವು. ಜೂನ್ ನಡುವಿಗೆ ರಾಜ್ಯ ಮಾರಾಟ ತೆರಿಗೆ ಏರಿ ನಮ್ಮಲ್ಲಿ ಡೀಸೆಲ್ 3 ರೂಪಾಯಿಗೂ ಮೇಲೆ ಜಿಗಿಯಿತು. 2025ರ ಏಪ್ರಿಲ್ 1ಕ್ಕೆ ಮತ್ತೆ ಸುಮಾರು 2 ರೂಪಾಯಿ ಏರಿತು. ಮಾರ್ಚ್‌ನಲ್ಲಿ ಉದಾರವಾಗಿ ಬಾಡಿಗೆ ಇಳಿಸಿದವರಿಗೆ ಜೂನ್‌ನಲ್ಲಿ ಏರಿಸಲು ಬಾಯಿ ಬರಲಿಲ್ಲ.

ಕಚ್ಚಾ ತೈಲ ಇಳಿದರೆ ಬಂಕಿನಲ್ಲೂ ಇಳಿಯುತ್ತದೆಂದು ಕಾಯುವುದೂ ಬೇಡ. 2020ರ ಮೇ ತಿಂಗಳಲ್ಲಿ ತೈಲ ಪಾತಾಳಕ್ಕಿಳಿದಾಗ ಕೇಂದ್ರ ಅಬಕಾರಿ ಸುಂಕವನ್ನು ಪೆಟ್ರೋಲಿಗೆ 10, ಡೀಸೆಲ್ಲಿಗೆ 13 ರೂಪಾಯಿ ಏರಿಸಿತು. 2025ರ ಏಪ್ರಿಲ್‌ನಲ್ಲಿ ಈ ಕೇಂದ್ರ ಸುಂಕ ಮತ್ತೆ 2 ರೂಪಾಯಿ ಏರಿತು, ಅದರಿಂದ ಬಂಕಿನ ದರ ಕದಲಲಿಲ್ಲ. ಪೆಟ್ರೋಲ್, ಡೀಸೆಲ್ ಎರಡೂ ಜಿಎಸ್‌ಟಿಯ ಹೊರಗಿರುವುದರಿಂದ ಕಟ್ಟಿದ ತೆರಿಗೆಯನ್ನು ಮಿಲ್ಲಿನವರಾಗಲಿ ಗಣಿಯವರಾಗಲಿ ಲೆಕ್ಕದಲ್ಲಿ ವಾಪಸ್ ಪಡೆಯುವಂತಿಲ್ಲ, ಪೂರ್ತಿ ಖರ್ಚೇ.

ಹಾಗಾಗಿ ಬಾಡಿಗೆ ಕರಾರಿನಲ್ಲಿ ಡೀಸೆಲ್ ಷರತ್ತು ಬರೆಸಿ. ಮೂಲ ತಾರೀಖು, ಆ ದಿನದ ದರ, ಯಾವ ಊರಿನ ಯಾವ ಬಂಕಿನದು, ಡೀಸೆಲ್ ಪಾಲು ಶೇ ಎಷ್ಟು, ಎಷ್ಟು ರೂಪಾಯಿ ಬದಲಾದರೆ ಷರತ್ತು ಜಾರಿ, ಇಷ್ಟೂ ಕಾಗದದಲ್ಲಿರಲಿ. ದರ ಶೇ 4 ಬದಲಾಗಿ ಪಾಲು ಶೇ 50 ಇದ್ದರೆ ಬಾಡಿಗೆ ಶೇ 2 ಬದಲಾಗಬೇಕು. ಏರಿಕೆಗೂ ಇಳಿಕೆಗೂ ಒಂದೇ ಸೂತ್ರ. ಊರಿನ ಹೆಸರು ಬಿಟ್ಟುಹೋದಲ್ಲೇ ಜಗಳ ಹುಟ್ಟುವುದು. ಮಿಲ್ಲಿನವರು ಬೆಂಗಳೂರಿನ ದರ ಹಿಡಿಯುತ್ತಾರೆ, ಲಾರಿಯವರು ಕೊಪ್ಪಳದ್ದು. ರಾಯಚೂರು, ಬಳ್ಳಾರಿಯಲ್ಲಿ ಗಡಿ ಬೇರೆ ಹತ್ತಿರ. ತೆಲಂಗಾಣ, ಆಂಧ್ರದಲ್ಲಿ ಡೀಸೆಲ್ ನಮಗಿಂತ ದುಬಾರಿ, ಅಲ್ಲಿನ ಗಾಡಿಗಳು ಇಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತವೆ. ಷರತ್ತಿಗೆ ಡೀಸೆಲ್ ಹಾಕಿಸುವ ಊರಿನ ದರವೇ ಇರಲಿ.

ಇಳಿಕೆಯಿಂದ ನೇರ ಪೆಟ್ಟು ತಿನ್ನುವವರು ಬಂಕ್ ಮಾಲೀಕರು, ಪಾಪ. ಅವರ ಕಮಿಷನ್ನಿನ ಬಹುಪಾಲು ಲೀಟರಿಗೆ ಇಷ್ಟೆಂದು ನಿಗದಿಯಾದದ್ದು, ದರದ ಜೊತೆ ಹೆಚ್ಚೇನೂ ಏರಿಳಿಯುವುದಿಲ್ಲ. ನೆಲದಡಿ 20,000 ಲೀಟರ್ ದಾಸ್ತಾನಿದ್ದು ರಾತ್ರೋರಾತ್ರಿ 2 ರೂಪಾಯಿ ಇಳಿದರೆ 40,000 ಹೋಯಿತು. 2021ರ ದೀಪಾವಳಿ ಹೊತ್ತಿಗೆ ಕೇಂದ್ರ ಡೀಸೆಲ್ ಸುಂಕವನ್ನು 10 ರೂಪಾಯಿ ಇಳಿಸಿ, ರಾಜ್ಯವೂ 7 ಇಳಿಸಿದಾಗ ಟ್ಯಾಂಕ್ ತುಂಬಿಸಿ ಕೂತವರ ಹಬ್ಬ ಹೇಗಿತ್ತೋ ಊಹಿಸಿ.

ಪರಿಸರದ ಮಾತು ಬಂದಾಗ ಜನ ಆಕಾಶ ನೋಡುತ್ತಾರೆ; ನೋಡಬೇಕಾದ್ದು ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿ ತೂಗುವ ವೇಬ್ರಿಜ್ ಮುಂದಿನ ಸಾಲು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಎಣ್ಣೆ ಅಗ್ಗವಾದಾಗ ಡ್ರೈವರಿಗೆ ಎಂಜಿನ್ ಬಂದ್ ಮಾಡು ಎಂದು ಹೇಳುವವರೇ ಕಡಿಮೆಯಾಗುತ್ತಾರೆ. ನಿಂತಲ್ಲೇ ಗುರುಗುಟ್ಟುವ ದೊಡ್ಡ ಲಾರಿ ತಾಸಿಗೆ 2 ಲೀಟರ್ ಕುಡಿಯಿತೆನ್ನಿ. ಸಾಲಿನಲ್ಲಿ ಎರಡು ತಾಸು ಕಳೆದರೆ 4 ಲೀಟರ್, 88ರಂತೆ 352 ರೂಪಾಯಿ. ಇಡೀ ಟ್ರಿಪ್ಪಿನಲ್ಲಿ ಉಳಿದ 350 ಅಲ್ಲೇ ಹೊಗೆಯಾಯಿತು. ದೂರ ಓಡಿ ಬಂದ ಟರ್ಬೊ ಎಂಜಿನ್ನನ್ನು ಒಂದೆರಡು ನಿಮಿಷ ತಣಿಸಿ ಬಂದ್ ಮಾಡಬೇಕು ಎಂಬ ಡ್ರೈವರುಗಳ ಸಬೂಬು ಸರಿಯೇ, ಆದರೆ ಅದು ನಿಮಿಷದ ಲೆಕ್ಕ, ತಾಸಿನದಲ್ಲ.